ಟೆಲೊಮರೇಸ್ ತಡೆಯುವ ಔಷಧಿ ಬರಲು ಇಷ್ಟು ವರ್ಷ ಏಕೆ ಬೇಕಾಯಿತು?

ಕ್ಯಾನ್ಸರ್ ಕೋಶಗಳಿಗೆ ಸಾವಿಲ್ಲದಂತೆ ಮಾಡುವ ಕಿಣ್ವ ಯಾವುದೆಂದು ಗೊತ್ತಾಗಿ ದಶಕಗಳೇ ಕಳೆದವು, ಅದನ್ನು ಕಂಡುಹಿಡಿದವರಿಗೆ ನೊಬೆಲ್ ಬಹುಮಾನವೂ ಬಂತು; ಹಾಗಿದ್ದ ಮೇಲೆ ಆ ಕಿಣ್ವವನ್ನು ತಡೆಯುವ ಔಷಧಿ ಎಲ್ಲಿ? ವಿಜ್ಞಾನದ ಬಗ್ಗೆ ಬರೆಯುವ ನನ್ನನ್ನು ಓದುಗರು ಪದೇಪದೇ ಕೇಳುವ ಪ್ರಶ್ನೆ ಇದು. ಮನೆಯಲ್ಲಿ ರೋಗಿಯನ್ನು ಇಟ್ಟುಕೊಂಡವರೂ ಇದನ್ನು ಕೇಳುವುದರಿಂದ ಹಾರಿಕೆಯ ಉತ್ತರ ಕೊಡಲು ನನಗೆ ಮನಸ್ಸಾಗುವುದಿಲ್ಲ.

ಸೀರೆಯ ಸೆರಗಿನ ಎಳೆಗಳು ಬಿಚ್ಚಿಹೋಗದಂತೆ ಕುಚ್ಚು ಕಟ್ಟುವ ಹಾಗೆ, ನಮ್ಮ ವರ್ಣತಂತುಗಳ ತುದಿಯನ್ನು ಟೆಲೊಮಿಯರ್ ಎಂಬ ಡಿಎನ್‌ಎ ಭಾಗ ಕಾಯುತ್ತದೆ. ಕೋಶ ಒಡೆದು ಎರಡಾದಾಗಲೆಲ್ಲ ಅದರಿಂದ ಸುಮಾರು 50ರಿಂದ 100 ಅಕ್ಷರಗಳು, ಅಂದರೆ ಡಿಎನ್‌ಎ ಸರಪಳಿಯ ಕೊಂಡಿಗಳು, ಸವೆಯುತ್ತವೆ. ತೀರ ಗಿಡ್ಡವಾದಾಗ ಕೋಶ ವಿಭಜನೆಯನ್ನು ನಿಲ್ಲಿಸುತ್ತದೆ. ಸವೆದದ್ದನ್ನು ಮತ್ತೆ ಹೆಣೆಯುವ ಟೆಲೊಮರೇಸ್ ಕಿಣ್ವವನ್ನು ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಕ್ಯಾರೊಲ್ ಗ್ರೈಡರ್ 1984ರಲ್ಲಿ ಒಂದು ಏಕಕೋಶ ಜೀವಿಯಲ್ಲಿ ಪತ್ತೆಹಚ್ಚಿದರು. ಶೇ 85ರಿಂದ 90ರಷ್ಟು ಕ್ಯಾನ್ಸರ್‌ಗಳಲ್ಲಿ ಈ ಕಿಣ್ವ ಚುರುಕಾಗಿರುತ್ತದೆ, ದೇಹದ ಹೆಚ್ಚಿನ ಕೋಶಗಳಲ್ಲಿ ಇರುವುದೇ ಇಲ್ಲ. ಔಷಧಿಗೆ ಇದಕ್ಕಿಂತ ಒಳ್ಳೆಯ ಗುರಿ ಇನ್ನೊಂದಿಲ್ಲ ಎಂದು ಆಗ ಅನ್ನಿಸಿದ್ದು ಸಹಜವೇ.

ತೊಡಕಿರುವುದು ಕಾಲದ ಲೆಕ್ಕದಲ್ಲಿ. ಟೆಲೊಮರೇಸನ್ನು ತಡೆದ ತಕ್ಷಣ ಕೋಶ ಸಾಯುವುದಿಲ್ಲ, ಅದರ ಟೆಲೊಮಿಯರ್ ಸವೆದು ಮುಗಿಯುವವರೆಗೆ ಕಾಯಬೇಕು. ಸವೆಯಲು ಇನ್ನೂ ಮೂರು ಸಾವಿರ ಅಕ್ಷರಗಳು ಉಳಿದಿವೆ ಎಂದಿಟ್ಟುಕೊಂಡರೆ, ಸಲಕ್ಕೆ ನೂರರಂತೆ ಕಳೆದರೂ ಮೂವತ್ತು ವಿಭಜನೆಗಳು ಬೇಕು. ಅಷ್ಟರಲ್ಲಿ, ನಡುವೆ ಯಾವುದೂ ಸಾಯದಿದ್ದರೆ, ಒಂದೇ ಕೋಶದಿಂದ ನೂರು ಕೋಟಿಗೂ ಹೆಚ್ಚು ಕೋಶಗಳಾಗಿರುತ್ತವೆ. ಬೆಳೆದ ಗಡ್ಡೆಯಿರುವ ರೋಗಿಗೆ ಅಷ್ಟು ಸಮಯ ಎಲ್ಲಿದೆ?

ಇಮೆಟೆಲ್‌ಸ್ಟಾಟ್ ಎಂಬ ಔಷಧಿಯ ಕಥೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಟೆಲೊಮರೇಸ್ ತನ್ನೊಳಗಿನ ಆರ್‌ಎನ್‌ಎಯನ್ನು ಅಚ್ಚಾಗಿ ಇಟ್ಟುಕೊಂಡು ಕೆಲಸ ಮಾಡುತ್ತದೆ. ಡಿಎನ್‌ಎಯನ್ನು ಹೋಲುವ ಹದಿಮೂರು ಅಕ್ಷರಗಳ ಸರಪಳಿಯಾದ ಈ ಔಷಧಿ ಆ ಅಚ್ಚಿಗೇ ಅಂಟಿ ಕೂರುತ್ತದೆ. ಶ್ವಾಸಕೋಶದ ಕ್ಯಾನ್ಸರ್‌ನ ಪ್ರಯೋಗದಲ್ಲಿ ಅದು ಸೋತಿತು, ಆದರೆ ಟೆಲೊಮಿಯರ್ ಮೊದಲೇ ಗಿಡ್ಡವಾಗಿದ್ದ ರೋಗಿಗಳಲ್ಲಿ ಮಾತ್ರ ಅನುಕೂಲದ ಸುಳಿವು ಕಂಡಿತು. ಆ ಸುಳಿವೇ ನನಗೆ ಸೋಲಿಗಿಂತ ಮುಖ್ಯವಾಗಿ ತೋರುತ್ತದೆ. ಕೊನೆಗೆ ಅದು ಗೆದ್ದದ್ದು ರಕ್ತದ ಕಾಯಿಲೆಯಲ್ಲಿ. ಮೂಳೆಮಜ್ಜೆಯಲ್ಲಿ ರಕ್ತಕಣಗಳು ಸರಿಯಾಗಿ ಬೆಳೆಯದ ಮೈಲೊಡಿಸ್‌ಪ್ಲಾಸ್ಟಿಕ್ ಸಿಂಡ್ರೋಮ್ ರೋಗದಿಂದ ಪದೇಪದೇ ರಕ್ತ ಹಾಕಿಸಿಕೊಳ್ಳುತ್ತಿದ್ದ 178 ಮಂದಿಯ ಪ್ರಯೋಗದಲ್ಲಿ, ಔಷಧಿ ಪಡೆದವರಲ್ಲಿ ಸುಮಾರು ಶೇ 40 ಮಂದಿಗೆ ಕನಿಷ್ಠ ಎಂಟು ವಾರ ರಕ್ತ ಬೇಕಾಗಲಿಲ್ಲ. ಔಷಧಿಯಿಲ್ಲದ ದ್ರವ ಪಡೆದವರಲ್ಲಿ ಈ ಪ್ರಮಾಣ ಶೇ 15 ಮಾತ್ರ. 2024ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದಕ್ಕೆ ಒಪ್ಪಿಗೆ ಕೊಟ್ಟಿತು.

ಅದು ಕೇಳುವ ಬೆಲೆಯನ್ನೂ ಹೇಳಬೇಕು: ರಕ್ತ ತಯಾರಿಸುವ ಆರೋಗ್ಯವಂತ ಕಾಂಡಕೋಶಗಳಿಗೂ ಟೆಲೊಮರೇಸ್ ಬೇಕು, ಈ ಔಷಧಿ ಪಡೆದ ಬಹುಪಾಲು ರೋಗಿಗಳಲ್ಲಿ ಬಿಳಿ ರಕ್ತಕಣಗಳೂ ಪ್ಲೇಟ್‌ಲೆಟ್‌ಗಳೂ ತೀವ್ರವಾಗಿ ಕುಸಿದವು. ಅದಲ್ಲದೆ, ಶೇ 10ರಿಂದ 15ರಷ್ಟು ಕ್ಯಾನ್ಸರ್‌ಗಳು ಈ ಕಿಣ್ವವಿಲ್ಲದೆಯೇ, ಒಂದು ವರ್ಣತಂತುವಿನ ತುದಿಯನ್ನು ನೋಡಿ ಇನ್ನೊಂದರ ತುದಿಯನ್ನು ನಕಲು ಮಾಡಿಕೊಂಡು ಬದುಕುತ್ತವೆ. ಅವುಗಳಿಗೆ ಇಮೆಟೆಲ್‌ಸ್ಟಾಟ್ ನಾಟುವುದಿಲ್ಲ.

ಕಾಯುವ ಅಗತ್ಯವನ್ನೇ ತಪ್ಪಿಸುವ ಇನ್ನೊಂದು ದಾರಿಯಲ್ಲಿ ನನಗೆ ಹೆಚ್ಚು ಭರವಸೆಯಿದೆ. ಅದರಲ್ಲಿ ಟೆಲೊಮರೇಸನ್ನು ತಡೆಯುವುದಿಲ್ಲ, ಅದರ ಕೈಗೇ ಒಂದು ಕೆಟ್ಟ ಅಕ್ಷರವನ್ನು ಕೊಡುತ್ತಾರೆ. ಕಿಣ್ವ ಅದನ್ನು ಟೆಲೊಮಿಯರ್‌ನಲ್ಲಿ ಹೆಣೆದಾಗ ತುದಿ ಸವೆಯುವ ಮೊದಲೇ ಹಾಳಾಗುತ್ತದೆ. ಸಿಕ್ಸ್ ಥಯೋ ಡಿಜಿ ಎಂಬ ಇಂಥ ಅಣುವನ್ನು ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಲ್ಲಿಯೇ ಪರೀಕ್ಷೆಗೆ ಒಡ್ಡಿದ್ದಾರೆ.