ಗುರುವಾರದ ರಜೆ ಮತ್ತು ಓಎಸ್‌ಜಿಐ

ಪುಣೆಯ ಭೋಸರಿ, ಪಿಂಪ್ರಿ-ಚಿಂಚ್‌ವಾಡ್ ಕಡೆಯ ಕಾರ್ಖಾನೆಗಳಿಗೆ ವಾರದ ರಜೆ ಭಾನುವಾರ ಅಲ್ಲ, ಗುರುವಾರ. ಕರೆಂಟಿನ ಹೊರೆ ಹಂಚಲು ಹಿಂದೆ ಮಾಡಿಕೊಂಡ ಏರ್ಪಾಡು, ಹಾಗೇ ಉಳಿದುಕೊಂಡಿದೆ. ಇದಕ್ಕೂ ಸಾಫ್ಟ್‌ವೇರ್‌ಗೂ ಏನು ಸಂಬಂಧ ಅನ್ನಬಹುದು. ನಮ್ಮ ತಂಡದಲ್ಲಿ ಯಾವ ಗಿರಾಕಿಗೆ ಓಎಸ್‌ಜಿಐ (ಜಾವಾ ಪ್ರೋಗ್ರಾಂನ ಭಾಗಗಳನ್ನು ಅದು ಓಡುತ್ತಿರುವಾಗಲೇ ಬದಲಾಯಿಸಲು ಬಿಡುವ ವ್ಯವಸ್ಥೆ), ಯಾವ ಗಿರಾಕಿಗೆ ಬರೀ ಜಾವಾ ಅನ್ನುವುದನ್ನು ತೀರ್ಮಾನ ಮಾಡಿದ್ದೇ ಈ ರಜೆ.

ನಾನು ಧಾರವಾಡದವಳು. ಪುಣೆಯಲ್ಲಿ ಕಾರ್ಖಾನೆಗಳ ಯಂತ್ರ, ಎನರ್ಜಿ ಮೀಟರ್‌ಗಳಿಂದ ಅಂಕಿಗಳನ್ನು ಓದಿ ಸರ್ವರ್‌ಗೆ ಕಳಿಸುವ ಗೇಟ್‌ವೇ ಬರೆಯುವುದು ನನ್ನ ಕೆಲಸ. ಪ್ಯಾನೆಲ್ ಒಳಗೆ ಕೂರುವ ಚಿಕ್ಕ ಕಂಪ್ಯೂಟರ್, ಅದರ ಮೇಲೆ ಓಡುವ ಜಾವಾ ಪ್ರೋಗ್ರಾಂ. ಒಂದು ಮೀಟರ್‌ಗೆ ಮಾಡ್‌ಬಸ್ ಬೇಕು, ಪಕ್ಕದ ಯಂತ್ರಕ್ಕೆ ಒಪಿಸಿ ಯುಎ ಬೇಕು; ಎರಡೂ ಯಂತ್ರಗಳ ಜೊತೆ ಮಾತಾಡುವ ಭಾಷೆಗಳು. ಪ್ರತಿಯೊಂದಕ್ಕೂ ಒಂದು ಡ್ರೈವರ್, ಅಂದರೆ ಆ ಭಾಷೆಯಲ್ಲಿ ಅಂಕಿ ಓದುವ ಕೋಡ್. ಈ ಡ್ರೈವರ್‌ಗಳೇ ನಮ್ಮ ಕಾಂಪೊನೆಂಟ್‌ಗಳು, ಬಿಡಿ ಭಾಗಗಳು.

ಹೊಸದಾಗಿ ಸೇರಿದ ಬೆಳಗಾವಿಯ ಹುಡುಗ ಕೇಳಿದ: "ಅಕ್ಕಾ, ಜಾವಾದಾಗ ಮಾಡ್ಯೂಲ್ ಬಂದಾವಲ್ರೀ, ಇನ್ನೂ ಓಎಸ್‌ಜಿಐ ಯಾಕ್ರೀ?" ಒಳ್ಳೆಯ ಪ್ರಶ್ನೆ, ಮಾಡ್ಯೂಲ್ ಅಂದರೂ ಕೋಡನ್ನು ಗೆರೆ ಹಾಕಿ ಬೇರ್ಪಡಿಸಿದ ಭಾಗವೇ. ಒಂದೇ ಸಾಲಲ್ಲಿ ಉತ್ತರ ಮುಗಿಯಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಇಂಥ ಹೋಲಿಕೆ ಮಾಡುವವರು ಸಾಮಾನ್ಯವಾಗಿ ಒಂದು ಕೋಷ್ಟಕ ಹಾಕುತ್ತಾರೆ. ಇದರಲ್ಲಿ ಆ ಸೌಲಭ್ಯ ಇದೆ, ಅದರಲ್ಲಿ ಇಲ್ಲ. ನನಗೆ ಅದರಿಂದ ಯಾವತ್ತೂ ದಾರಿ ಸಿಕ್ಕಿಲ್ಲ. ನಾನು ನೋಡುವುದು ಬೇರೆ: ಈ ಭಾಗವನ್ನು ಮುಂದೆ ಬದಲಾಯಿಸುವವರು ಯಾರು? ಯಾವಾಗ? ಆ ಹೊತ್ತಿಗೆ ಉಳಿದದ್ದು ಓಡುತ್ತಿರಲೇಬೇಕಾ?

ಭೋಸರಿಯ ಸಣ್ಣ ವರ್ಕ್‌ಶಾಪ್ ತಗೊಳ್ಳಿ. ಗುರುವಾರ ಎಲ್ಲ ಬಂದ್. ಹೊಸ ಮೀಟರ್ ಬಂದರೆ ಡ್ರೈವರ್‌ನ ಜಾರ್ ಫೈಲನ್ನು (ಜಾವಾ ಕೋಡ್‌ನ ಕಟ್ಟು) ಒಂದು ಫೋಲ್ಡರ್‌ಗೆ ಹಾಕಿ ಗೇಟ್‌ವೇ ರೀಸ್ಟಾರ್ಟ್ ಮಾಡಿದರೆ ಆಯಿತು. ಇದಕ್ಕೆ ಜಾವಾ 6ರಿಂದ ಇರುವ ಸರ್ವಿಸ್‌ಲೋಡರ್ ಸಾಕು. ಇಂಟರ್‌ಫೇಸ್, ಅಂದರೆ ಯಾವ ಕೆಲಸಗಳು ಬೇಕು ಅನ್ನುವ ಪಟ್ಟಿ, ಒಂದು ಕಡೆ; ಅದನ್ನು ತುಂಬಿಕೊಡುವ ಕ್ಲಾಸ್, ಅಂದರೆ ಆ ಕೆಲಸಗಳನ್ನು ನಿಜವಾಗಿ ಮಾಡುವ ಕೋಡ್, ಇನ್ನೊಂದು ಜಾರ್‌ನಲ್ಲಿ. ಯಾರು ತುಂಬಿಕೊಡುತ್ತಾರೆ ಅನ್ನುವುದನ್ನು ಒಂದು ಪುಟ್ಟ ಫೈಲಿನಲ್ಲಿ ಬರೆದಿಟ್ಟರೆ ಜಾವಾನೇ ಹುಡುಕಿಕೊಳ್ಳುತ್ತದೆ. ಹೊರಗಿನ ಲೈಬ್ರರಿ ಒಂದೂ ಬೇಡ. ಇಂಥ ಕಡೆ ಸುಮ್ನೆ ದೊಡ್ಡ ಫ್ರೇಮ್‌ವರ್ಕ್ ತಂದು ಕೂರಿಸುವುದು ನನಗೆ ಇಷ್ಟವಿಲ್ಲ. ಅದನ್ನು ಮುಂದೆ ನೋಡಿಕೊಳ್ಳುವವರು ಬೇರೆ ಯಾರೋ ಇರುತ್ತಾರೆ, ಅಲ್ವಾ?

ಪುಣೆ ಹತ್ತಿರದ ಚಾಕಣ್‌ನ ದೊಡ್ಡ ಪ್ಲಾಂಟ್‌ನ ಕತೆ ಬೇರೆ. ಅಲ್ಲಿ ಮೂರು ಶಿಫ್ಟ್, ಲೈನ್ ನಿಲ್ಲುವುದಿಲ್ಲ. ಒಂದು ಮೀಟರ್‌ಗಾಗಿ ಇಡೀ ಗೇಟ್‌ವೇ ನಿಲ್ಲಿಸಿದರೆ ಉಳಿದ ಯಂತ್ರಗಳ ಅಂಕಿಗಳೂ ಅಷ್ಟು ಹೊತ್ತು ಹೋದವು. ಇಲ್ಲಿಗೆ ನಾವು ಆರಿಸಿದ್ದು ಓಎಸ್‌ಜಿಐ. ಇದು 1999ರಲ್ಲಿ ಶುರುವಾದದ್ದೇ ಮನೆಗಳಲ್ಲಿಡುವ ಗೇಟ್‌ವೇ ಪೆಟ್ಟಿಗೆಗಳಿಗಾಗಿ. ದೂರದಿಂದಲೇ ಹೊಸ ಸೇವೆ ಹಾಕಬೇಕು, ಹಳೆಯದನ್ನು ತೆಗೆಯಬೇಕು, ಪೆಟ್ಟಿಗೆ ಮಾತ್ರ ನಿಲ್ಲಬಾರದು. ಆಮೇಲೆ 2004ರಲ್ಲಿ ಕೋಡ್ ಬರೆಯುವ ಟೂಲ್ ಎಕ್ಲಿಪ್ಸ್‌ನ 3.0 ಆವೃತ್ತಿ ತನ್ನ ಪ್ಲಗಿನ್‌ಗಳಿಗೆ ಇದನ್ನೇ ಅಡಿಪಾಯ ಮಾಡಿಕೊಂಡಿತು. ಹೆಚ್ಚಿನವರಿಗೆ ಓಎಸ್‌ಜಿಐ ಪರಿಚಯ ಆದದ್ದು ಹಾಗೆ.

ಓಎಸ್‌ಜಿಐನಲ್ಲಿ ಒಂದು ಭಾಗಕ್ಕೆ ಬಂಡಲ್ ಅನ್ನುತ್ತಾರೆ. ಅದೂ ಜಾರ್ ಫೈಲೇ. ಯಾವ ಪ್ಯಾಕೇಜ್ (ಕ್ಲಾಸ್‌ಗಳ ಗುಂಪು) ಹೊರಗೆ ಕಾಣಬೇಕು, ಹೊರಗಿನಿಂದ ಯಾವುದು ಬೇಕು ಅನ್ನುವುದು ಅದರೊಳಗಿನ ಮ್ಯಾನಿಫೆಸ್ಟ್ ಅನ್ನುವ ವಿವರದ ಫೈಲಿನಲ್ಲಿ ಇರುತ್ತದೆ. ಪ್ರತಿ ಬಂಡಲ್‌ಗೂ ತನ್ನದೇ ಕ್ಲಾಸ್‌ಲೋಡರ್, ಅಂದರೆ ಕ್ಲಾಸ್‌ಗಳನ್ನು ಹುಡುಕಿ ಮೆಮೊರಿಗೆ ತರುವ ಭಾಗ. ಓಡುತ್ತಿರುವಾಗಲೇ ಇನ್‌ಸ್ಟಾಲ್ ಮಾಡಬಹುದು, ಶುರು ಮಾಡಬಹುದು, ನಿಲ್ಲಿಸಬಹುದು, ಕಿತ್ತು ಹಾಕಬಹುದು. ಡ್ರೈವರ್ ಬಂದಾಗ ಸರ್ವಿಸ್ ರಿಜಿಸ್ಟ್ರಿಯಲ್ಲಿ ಹೆಸರು ಬರೆಸುತ್ತದೆ, ಹೋಗುವಾಗ ಅಳಿಸಿಕೊಂಡು ಹೋಗುತ್ತದೆ. ಬಳಸುವವರಿಗೆ ಎರಡೂ ಸುದ್ದಿ ತಲುಪುತ್ತದೆ.

ಒಬ್ಬ ಮೀಟರ್ ತಯಾರಕರ ಡ್ರೈವರ್‌ಗೆ ಜೇಸನ್ (ಮಾಹಿತಿಯನ್ನು ಬರೆದು ಕಳಿಸುವ ಒಂದು ರೂಪ) ಲೈಬ್ರರಿಯ ಹಳೇ ಆವೃತ್ತಿ ಬೇಕಿತ್ತು, ಇನ್ನೊಬ್ಬರದಕ್ಕೆ ಹೊಸದು. ಮಾಮೂಲಿ ಕ್ಲಾಸ್‌ಪಾತ್‌ನಲ್ಲಿ (ಜಾವಾ ಕ್ಲಾಸ್ ಹುಡುಕುವ ಜಾಗಗಳ ಪಟ್ಟಿ) ಮೊದಲು ಸಿಕ್ಕಿದ್ದೇ ಎಲ್ಲರಿಗೂ. ಓಎಸ್‌ಜಿಐನಲ್ಲಿ ಎರಡೂ ಒಂದೇ ಪೆಟ್ಟಿಗೆಯಲ್ಲಿ ತಂಟೆಯಿಲ್ಲದೆ ಇದ್ದವು. ನನಗೆ ಓಎಸ್‌ಜಿಐ ಮೇಲೆ ಪ್ರೀತಿ ಹುಟ್ಟಿದ್ದು ಅವತ್ತೇ.

ಆದರೆ ಇದಕ್ಕೆ ಬೆಲೆ ಇದೆ. ಒಂದೇ ಹೆಸರಿನ ಕ್ಲಾಸ್ ಎರಡು ಕ್ಲಾಸ್‌ಲೋಡರ್‌ಗಳಿಂದ ಬಂದರೆ ಜಾವಾಗೆ ಅವು ಎರಡು ಬೇರೆ ಕ್ಲಾಸ್‌ಗಳು. ಒಂದನ್ನು ಇನ್ನೊಂದರಂತೆ ಬಳಸಹೊರಟರೆ ಕ್ಲಾಸ್‌ಕಾಸ್ಟ್ ಎಕ್ಸೆಪ್ಶನ್ ಅನ್ನುವ ದೋಷ ಬರುತ್ತದೆ, ಅದರ ಸಂದೇಶದಲ್ಲಿ ಎರಡೂ ಕಡೆ ಅದೇ ಹೆಸರು. ಹೊಸಬರು ಅದನ್ನು ನೋಡಿ ದಂಗಾಗುತ್ತಾರೆ. ಕ್ಲಾಸ್‌ನ ಹೆಸರನ್ನು ಸ್ಟ್ರಿಂಗ್ ಆಗಿ ತಗೊಂಡು ತಾವೇ ಹುಡುಕುವ ಲೈಬ್ರರಿಗಳೂ ಇಲ್ಲಿ ಎಡವುತ್ತವೆ. ಕಿತ್ತು ಹಾಕಿದ ಡ್ರೈವರ್‌ನ ಆಬ್ಜೆಕ್ಟನ್ನು ಯಾರಾದರೂ ಇನ್ನೂ ಹಿಡಿದುಕೊಂಡಿದ್ದರೆ ಮೆಮೊರಿ ಬಿಡುಗಡೆಯೇ ಆಗುವುದಿಲ್ಲ. ಓಎಸ್‌ಜಿಐನದೇ ಆದ ಡಿಕ್ಲೆರೇಟಿವ್ ಸರ್ವಿಸಸ್ ಬಳಸಿದರೆ ಬರುವ-ಹೋಗುವ ಲೆಕ್ಕವನ್ನು ಅದೇ ನೋಡಿಕೊಳ್ಳುತ್ತದೆ. ಮ್ಯಾನಿಫೆಸ್ಟನ್ನು ಕೈಯಲ್ಲಿ ಬರೆಯಲು ಮಾತ್ರ ಹೋಗಬೇಡಿ. ಬಿಎನ್‌ಡಿ ಅನ್ನುವ ಟೂಲ್ ಕೋಡ್ ಓದಿ ತಾನೇ ಬರೆದುಕೊಡುತ್ತದೆ.

ಈಗ ಜಾವಾ 9ರ ಮಾಡ್ಯೂಲ್‌ಗಳು, 2017ರಲ್ಲಿ ಬಂದವು. ಯಾವುದು ಒಳಗಿನದು, ಯಾವುದು ಹೊರಗಿನದು ಅನ್ನುವ ಗೆರೆಯನ್ನು ಕಂಪೈಲರೂ ಕಾಯುತ್ತದೆ, ಪ್ರೋಗ್ರಾಂ ಓಡಿಸುವ ಜೆವಿಎಂ ಕೂಡ ಕಾಯುತ್ತದೆ. ಇದು ದೊಡ್ಡ ವಿಷಯ. ಆದರೆ 'ಈ ಮಾಡ್ಯೂಲ್‌ನ ಇಂಥ ಆವೃತ್ತಿಯೇ ಬೇಕು' ಅಂತ ಅದರಲ್ಲಿ ಹೇಳಲಾಗದು. ಓಡುತ್ತಿರುವಾಗ ಹೊಸದನ್ನು ಸೇರಿಸಲು ಲೇಯರ್ ಅನ್ನುವ ವ್ಯವಸ್ಥೆ ಇದೆ. ಯಾವ ಡ್ರೈವರ್ ಬಂತು, ಯಾವುದು ಹೋಯಿತು ಅಂತ ಉಳಿದವರಿಗೆ ತಿಳಿಸುವ ಕೆಲಸವನ್ನು ಮಾತ್ರ ನಾವೇ ಬರೆಯಬೇಕು. ಚಾಕಣ್‌ಗೆ ಬೇಕಾಗಿದ್ದದ್ದೇ ಅದು. ಬೆಳಗಾವಿಯ ಹುಡುಗನಿಗೆ ಕೊಟ್ಟ ಉತ್ತರವೂ ಅದೇ.

ಆವೃತ್ತಿಯ ಮಾತು ಬಂತಲ್ಲ, ಕಾಮ್ (COM) ಅನ್ನುವ ಹಳೆಯ ಕಾಂಪೊನೆಂಟ್ ಮಾಡೆಲ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಮೈಕ್ರೋಸಾಫ್ಟ್ 1993ರಲ್ಲಿ ತಂದದ್ದು. ಸತ್ತು ಹೋಯಿತು ಅಂತ ಕಾಲೇಜಿನಲ್ಲಿ ಹೇಳುತ್ತಿದ್ದರು. ಕಾರ್ಖಾನೆಗೆ ಬಂದು ನೋಡಿ! 1996ರಲ್ಲಿ ಬಂದ ಹಳೇ ಒಪಿಸಿ (ಒಪಿಸಿ ಯುಎಗಿಂತ ಮುಂಚಿನದು) ನಿಂತಿರುವುದು ಕಾಮ್ ಮತ್ತು ಅದನ್ನೇ ನೆಟ್‌ವರ್ಕ್ ಮೂಲಕ ಬಳಸಲು ಬಿಡುವ ಡಿಕಾಮ್ ಮೇಲೆ. ಕಾಮ್‌ನ ಒಂದು ನಿಯಮ ನನಗೆ ಬಹಳ ಹಿಡಿಸುತ್ತದೆ: ಒಮ್ಮೆ ಹೊರಗೆ ಕೊಟ್ಟ ಇಂಟರ್‌ಫೇಸನ್ನು ಮತ್ತೆ ಮುಟ್ಟುವಂತಿಲ್ಲ. ಹೊಸದೇನಾದರೂ ಬೇಕಾದರೆ 128 ಬಿಟ್‌ನ ಹೊಸ ಗುರುತು ಕೊಟ್ಟು ಹೊಸ ಇಂಟರ್‌ಫೇಸೇ ಮಾಡಬೇಕು. ಬಳಸುವವರು 'ನಿನ್ನ ಹತ್ತಿರ ಇದು ಇದೆಯಾ' ಅಂತ ಕ್ವೆರಿಇಂಟರ್‌ಫೇಸ್ ಮೂಲಕ ಕೇಳುತ್ತಾರೆ. ಹಳೆಯ ಗಿರಾಕಿಯ ಪ್ರೋಗ್ರಾಂ ಹಳೆಯದನ್ನೇ ಕೇಳಿ ಪಡೆಯುತ್ತದೆ.

ಓಎಸ್‌ಜಿಐ ಇದೇ ಪ್ರಶ್ನೆಗೆ ಬೇರೆ ದಾರಿ ಹಿಡಿಯಿತು. ಇಲ್ಲಿ ಪ್ಯಾಕೇಜ್‌ಗೆ ಆವೃತ್ತಿಯ ಸಂಖ್ಯೆ ಇರುತ್ತದೆ. ನಮ್ಮ ಡ್ರೈವರ್ ಇಂಟರ್‌ಫೇಸ್ 1.2 ಅಂದುಕೊಳ್ಳಿ. ಅದನ್ನು ಕರೆಯುವ ಬಂಡಲ್ '1.2ರಿಂದ 2ರ ಒಳಗೆ ಯಾವುದಾದರೂ ಸರಿ' ಅನ್ನಬಹುದು. ಇಂಟರ್‌ಫೇಸ್‌ಗೆ ಒಂದು ಹೊಸ ಮೆಥಡ್ (ಕರೆದು ಮಾಡಿಸುವ ಕೆಲಸ) ಸೇರಿ ಅದು 1.3 ಆದರೆ ಕರೆಯುವವರಿಗೆ ತೊಂದರೆಯೇನಿಲ್ಲ. ಆದರೆ ಆ ಇಂಟರ್‌ಫೇಸನ್ನು ತುಂಬಿಕೊಡುವ ಡ್ರೈವರ್‌ಗೆ ಹಾಗಲ್ಲ. ಹೊಸ ಮೆಥಡ್ ಅದರಲ್ಲಿ ಇಲ್ಲವೇ ಇಲ್ಲ! ಅದಕ್ಕೇ ಅದು '1.2ರಿಂದ 1.3ರ ಒಳಗೆ' ಅಂತ ಬಿಗಿಯಾಗಿ ಹೇಳಬೇಕು. ಒಂದೇ ಬದಲಾವಣೆ, ಕರೆಯುವವರಿಗೆ ಸಣ್ಣದು, ತುಂಬಿಕೊಡುವವರಿಗೆ ದೊಡ್ಡದು. ಇಷ್ಟು ಸೂಕ್ಷ್ಮವಾಗಿ ಯೋಚಿಸಿದ ಮಾಡೆಲ್ ನಾನು ಬೇರೆ ನೋಡಿಲ್ಲ. ನೀವು ಓಎಸ್‌ಜಿಐ ಬಳಸದಿದ್ದರೂ ಪರವಾಗಿಲ್ಲ, ಇದೊಂದನ್ನು ಕಲಿತುಕೊಳ್ಳಿ. ನಮ್ಮ ಡ್ರೈವರ್‌ಗಳನ್ನು ಬೇರೆ ಬೇರೆ ಕಂಪನಿಯವರು ಬರೆಯುತ್ತಾರೆ, ಅವರನ್ನೆಲ್ಲ ಒಂದೇ ದಿನ ಕೂರಿಸಿ ಕೋಡ್ ಬದಲಾಯಿಸಿ ಅನ್ನಲಾಗದು.

ಸರ್ವರ್ ಕಡೆ ಇದ್ಯಾವುದೂ ಬೇಡ. ಅಲ್ಲಿ ಕೋಡ್ ಎಲ್ಲ ನಮ್ಮದೇ, ಒಟ್ಟಿಗೇ ಬಿಲ್ಡ್ ಆಗುತ್ತದೆ, ಒಟ್ಟಿಗೇ ಹೋಗುತ್ತದೆ. ಹೊರಗಿನವರು ಬದಲಾಯಿಸುವ ಭಾಗವೇ ಇಲ್ಲ. ಬೇಕಾಗಿರುವುದು ಗೆರೆ ಮಾತ್ರ. ಯಾವ ನಿರ್ಧಾರ ಮುಂದೆ ಬದಲಾಗಬಹುದೋ ಅದನ್ನು ಒಂದು ಮಾಡ್ಯೂಲ್‌ನೊಳಗೆ ಬಚ್ಚಿಡಿ ಅಂತ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಾಸ್ 1972ರಲ್ಲೇ ಹೇಳಿದ್ದರು. ಅದಕ್ಕೆ ಕ್ಲಾಸ್‌ಲೋಡರ್ ಬೇಕಿಲ್ಲ. ನಾವು ಸ್ಪ್ರಿಂಗ್ ಮಾಡ್ಯುಲಿತ್ ಅನ್ನುವ ಜಾವಾ ಲೈಬ್ರರಿ ಹಾಕಿದೆವು. ಮಾಮೂಲಿ ಪ್ಯಾಕೇಜ್‌ಗಳನ್ನೇ ಅದು ಮಾಡ್ಯೂಲ್ ಅಂತ ತಿಳಿಯುತ್ತದೆ. ಒಬ್ಬರ ಒಳಗಿನ ಕ್ಲಾಸನ್ನು ಇನ್ನೊಬ್ಬರು ಮುಟ್ಟಿದರೆ, ಅಥವಾ ಎರಡು ಮಾಡ್ಯೂಲ್‌ಗಳು ಒಂದನ್ನೊಂದು ಸುತ್ತು ಹಾಕಿ ಅವಲಂಬಿಸಿದರೆ, ಟೆಸ್ಟ್ ಫೇಲ್ ಆಗುತ್ತದೆ.

ಅದನ್ನು ಹಾಕಿದ ಕೂಡಲೇ ಹೊರಬಿದ್ದದ್ದು ವರದಿ ಮತ್ತು ಅಲಾರ್ಮ್ ಮಾಡ್ಯೂಲ್‌ಗಳ ನಡುವಿನ ಇಂಥದೇ ಒಂದು ಸುತ್ತು. ಇಬ್ಬರಿಗೂ ಶಿಫ್ಟಿನ ಲೆಕ್ಕ ಬೇಕು, ಅರ್ಧ ಅಲ್ಲಿತ್ತು, ಅರ್ಧ ಇಲ್ಲಿತ್ತು. ಈಗ ಶಿಫ್ಟಿನ ಲೆಕ್ಕವನ್ನೇ ಬೇರೆ ಮಾಡ್ಯೂಲ್ ಮಾಡುತ್ತಿದ್ದೇವೆ. ಯಾವ ಪ್ಲಾಂಟಿಗೆ ಯಾವ ದಿನ ವಾರದ ರಜೆ ಅನ್ನುವುದೂ ಅದರೊಳಗೇ ಇರಲಿದೆ.