ಹೆಲ್ಮೆಟ್ ಹಾಕಿದ ಅಜ್ಜ, ಕಾಫಿ ಕುಡಿಯದ ಅಜ್ಜಿ

ನಮ್ಮ ಕಡೆ ರಿಟೈರ್ ಆದವರು ಕಾಶಿ, ರಾಮೇಶ್ವರ ಸುತ್ತಿ ಬರುತ್ತಾರೆ. ಇಲ್ಲವೇ ಮೊಮ್ಮಕ್ಕಳನ್ನು ನೋಡಿಕೊಳ್ಳೋಕೆ ನಮ್ಮಂಥವರ ಮನೆಗೆ ವಿಮಾನ ಹತ್ತುತ್ತಾರೆ. ಅಮೆರಿಕದ ಯೂಟಾದಲ್ಲಿ ಇನ್ನೊಂದು ದಾರಿಯಿದೆ, ಅದು ‘ಮಿಷನ್’, ಅಂದರೆ ಚರ್ಚಿನ ಸೇವೆಗೆ ಅಂತ ಕೆಲ ಕಾಲ ಮನೆ ಬಿಟ್ಟು ಹೋಗೋದು. ಬಿಳಿ ಅಂಗಿಗೆ ಕಪ್ಪು ಹೆಸರುಪಟ್ಟಿ ಸಿಕ್ಕಿಸಿಕೊಂಡು ಜೋಡಿಯಾಗಿ ಮನೆಮನೆ ಬಾಗಿಲು ತಟ್ಟುವ, ಮಾರ್ಮನ್ ಎಂಬ ಕ್ರೈಸ್ತ ಪಂಥದ ಹುಡುಗರ ವಿಷಯ ನೀವೂ ಕೇಳಿರಬಹುದು. ಅದೇ ಪಟ್ಟಿ ಎಪ್ಪತ್ತರ ಗಂಡ-ಹೆಂಡತಿಯ ಎದೆ ಮೇಲೂ ಇರುತ್ತದೆ ಅಂತ ನನಗೆ ಗೊತ್ತಾಗಿದ್ದು, ಸಾಲ್ಟ್ ಲೇಕ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಗೆ ಐಡಾಹೋದಿಂದ ಒಂದು ಜೋಡಿ ಬಾಡಿಗೆಗೆ ಬಂದಾಗ.

ಅಜ್ಜ ಆಲೂಗೆಡ್ಡೆ ಬೆಳೆಗಾರ. ಜಮೀನು ಮಗನ ಕೈಗೆ ಕೊಟ್ಟು ಬಂದಿದ್ದಾರೆ. ಬಾಡಿಗೆ, ಊಟ, ಪೆಟ್ರೋಲು ಎಲ್ಲ ಸ್ವಂತ ಖರ್ಚು, ಸಂಬಳ ಇಲ್ಲ. ಕೆಲಸ ಇರೋದು ಊರ ನಡುವಿನ ಟೆಂಪಲ್ ಸ್ಕ್ವೇರ್‌ನಲ್ಲಿ, ಕ್ರೇನುಗಳ ಮಧ್ಯೆ ನಿಂತಿರುವ ಹಳೇ ದೇವಾಲಯದ ಹತ್ತಿರ. ಆಗ ನಮ್ಮ ಜೊತೆಗಿದ್ದ ಅಮ್ಮ ಇದನ್ನು ಕೇಳಿ, "ಅಲ್ಲ ಕಣೇ, ಈ ವಯಸ್ಸಲ್ಲಿ ಗಾರೆ ಕೆಲಸಕ್ಕೆ ಕಳಿಸೋಕೆ ಮಕ್ಕಳಿಗೆ ಮನಸ್ಸಾದರೂ ಹೇಗೆ ಬಂತು?" ಅಂದರು.

ಗಾರೆ ಕೆಲಸ ಏನಿಲ್ಲ. ಕಟ್ಟೋದು, ಕೊರೆಯೋದು ಎಲ್ಲ ಕಂಟ್ರಾಕ್ಟರ್ ಆಳುಗಳದ್ದೇ. ಅಜ್ಜ ಬೆಳಿಗ್ಗೆ ಉಕ್ಕಿನ ಮೂತಿಯ ಬೂಟು, ಹೆಲ್ಮೆಟ್ಟು, ಹೊಳೆಯುವ ಹಳದಿ ಜಾಕೆಟ್ಟು ಹಾಕಿಕೊಂಡು ಹೊರಡುತ್ತಾರೆ. ಅವತ್ತು ಎಲ್ಲಿ ಏನಾಯಿತು ಅಂತ ಫೋಟೋ ತೆಗೆಯೋದು, ದಿನಚರಿ ಬರೆಯೋದು, ಆಳುಗಳಿಗೆ ನೀರಿನ ಬಾಟಲಿ ಕೊಡೋದು ಅವರ ಪಾಲಿನ ಕೆಲಸ. ಅಜ್ಜಿ ಬೇಲಿಯಾಚೆ ನಿಂತು ನೋಡುವ ಪ್ರವಾಸಿಗರಿಗೆ ವಿವರ ಹೇಳುತ್ತಾರೆ. ಶುಕ್ರವಾರ ಬಂತೆಂದರೆ ನಮ್ಮ ಕಾರಿಡಾರ್ ತುಂಬ ದಾಲ್ಚಿನ್ನಿ ಘಮ. ಆಳುಗಳಿಗೆ ಅಂತ ಟ್ರೇಗಟ್ಟಲೆ ಸಿನಮನ್ ರೋಲ್ ಮಾಡುತ್ತಾರೆ. ನಮಗೂ ಒಂದು ಪಾಲು ಬರುತ್ತದೆ. ಪ್ರತಿಯಾಗಿ ಅಮ್ಮ ಫಿಲ್ಟರ್ ಕಾಫಿ ಮಾಡಿ ಕೊಡಲು ಹೋಗಿ ಪೆಚ್ಚಾದರು. ಕಾಫಿ, ಟೀ, ಮದ್ಯ ಮೂರೂ ಇವರ ಧರ್ಮದಲ್ಲಿ ನಿಷಿದ್ಧ. ಕೊನೆಗೆ ಬಾದಾಮಿ ಹಾಲಿಗೆ ರಾಜಿಯಾಯಿತು.

ಅಜ್ಜಿಗೆ ಕಥೆ ಹೇಳುವ ಚಪಲ. ಒಂದು ಭಾನುವಾರ ಸಂಜೆ ಕೂತು ದೇವಾಲಯದ ಪೂರ್ತಿ ಪುರಾಣ ಬಿಚ್ಚಿದರು. ಅಡಿಗಲ್ಲು ಬಿದ್ದದ್ದು 1853ರಲ್ಲಿ, ಮುಗಿದದ್ದು 1893ರಲ್ಲಿ, ಅಂದರೆ ನಲವತ್ತು ವರ್ಷ. 1858ರಲ್ಲಿ ಅಮೆರಿಕದ ಸೈನ್ಯ ಬರುತ್ತಿದೆ ಅಂತ ಸುದ್ದಿಯಾದಾಗ ಅಡಿಪಾಯಕ್ಕೆ ಮಣ್ಣು ಮುಚ್ಚಿ, ಉತ್ತ ಹೊಲದ ಹಾಗೆ ಕಾಣುವಂತೆ ಮಾಡಿಬಿಟ್ಟರಂತೆ. ಆಮೇಲೆ ಮಣ್ಣು ತೆಗೆದು ನೋಡಿದರೆ ಕಲ್ಲಿನಲ್ಲಿ ಬಿರುಕು. ಕೆಟ್ಟದ್ದನ್ನೆಲ್ಲ ಕಿತ್ತು ಮತ್ತೆ ಕಟ್ಟಿದರು. ಗೋಡೆಯ ಬಿಳಿ ಕಲ್ಲು ಬಂದದ್ದು ಸುಮಾರು 20 ಮೈಲಿ ದೂರದ ಲಿಟಲ್ ಕಾಟನ್‌ವುಡ್ ಕಣಿವೆಯಿಂದ. ರೈಲು ಬರುವ ತನಕ ಎತ್ತಿನ ಗಾಡಿಯೇ ಗತಿ, ಒಂದು ಕಲ್ಲು ತರೋಕೆ ಮೂರ್ನಾಲ್ಕು ದಿನ. ಅಮ್ಮನಿಗೆ ಉಳಿದದ್ದು ಎಷ್ಟು ಅರ್ಥವಾಯಿತೋ, ಎತ್ತಿನ ಗಾಡಿ ಮಾತ್ರ ಚೆನ್ನಾಗಿ ಅರ್ಥವಾಯಿತು. "ಎಷ್ಟು ಜೋಡಿ ಕಟ್ಟುತ್ತಿದ್ದರಂತೆ, ಕೇಳು" ಅಂತ ನನ್ನ ತಿವಿದರು. ನಾಲ್ಕು ಜೋಡಿ ಅಂದಾಗ ಸಮಾಧಾನವಾಯಿತು.

ಈಗಿನ ರಿಪೇರಿ ಶುರುವಾದದ್ದು 2019ರ ಕೊನೆಗೆ, ಭೂಕಂಪದ ಭಯಕ್ಕೆ. ತಮಾಷೆಯೆಂದರೆ, ಕೆಲಸ ಶುರುವಾಗಿ ಮೂರು ತಿಂಗಳೂ ಆಗಿರಲಿಲ್ಲ, 2020ರ ಮಾರ್ಚ್ 18ರಂದು 5.7 ತೀವ್ರತೆಯ ಭೂಕಂಪ ಬಂದೇಬಿಟ್ಟಿತು. ಶಿಖರದ ಮೇಲಿದ್ದ ಚಿನ್ನದ ಬಣ್ಣದ ದೇವದೂತನ ಕೈಯಿಂದ ಕಹಳೆ ಉದುರಿತು. ಈಗ ಇಡೀ ಕಟ್ಟಡದ ತಳದಲ್ಲಿ 98 ಬೇಸ್ ಐಸೊಲೇಟರ್‌ಗಳನ್ನು ಕೂರಿಸಿದ್ದಾರೆ. ನೆಲ ಅಲುಗಿದರೆ ಅವು ಜಾರಿಕೊಟ್ಟು, ಮೇಲಿನ ಕಲ್ಲಿಗೆ ಪೆಟ್ಟು ತಟ್ಟದಂತೆ ತಡೆಯುತ್ತವೆ. ಅಜ್ಜ ಇದನ್ನು ವಿವರಿಸಲು ನಮ್ಮ ಡೈನಿಂಗ್ ಟೇಬಲ್ ಮೇಲೆ ಬೋಗುಣಿಯಲ್ಲಿ ನಿಂಬೆಹಣ್ಣಿಟ್ಟು, ಅದರ ಮೇಲೆ ತಟ್ಟೆಯಿಟ್ಟು ಅಲುಗಾಡಿಸಿದರು. ತಟ್ಟೆ ಜಾರಿ ಕೆಳಗೆ ಬಿತ್ತು. "ನಿಜವಾದದ್ದು ಇದಕ್ಕಿಂತ ಗಟ್ಟಿ" ಅಂತ ನಕ್ಕರು.

ನಿಜ ಹೇಳಬೇಕೆಂದರೆ, ಮೊದಮೊದಲು ಇದೆಲ್ಲ ಬಿಟ್ಟಿ ಚಾಕರಿ ಅನ್ನಿಸುತ್ತಿತ್ತು. ಸದಸ್ಯರ ಆದಾಯದಲ್ಲಿ ಹತ್ತರಲ್ಲೊಂದು ಪಾಲು ಪಡೆಯುವ ಚರ್ಚಿಗೆ ಒಬ್ಬ ಗೈಡ್‌ಗೆ ಸಂಬಳ ಕೊಡೋಕೆ ಆಗಲ್ಲವೇ? ಈಗಲೂ ಆ ಪ್ರಶ್ನೆ ಪೂರ್ತಿ ಹೋಗಿಲ್ಲ. ಆದರೆ ಅಜ್ಜನನ್ನು ನೋಡಿದರೆ ದುಡಿಸಿಕೊಂಡವರ ಮುಖ ಅಲ್ಲ ಅದು. ಊರಿನ ಜಾತ್ರೆಯಲ್ಲಿ ಪಂಕ್ತಿಗೆ ಸಾರು ಬಡಿಸಲು ಸೌಟು ಕೈಗೆ ಸಿಕ್ಕವರ ಮುಖ. ನನಗೆ ಇನ್ನೂ ಒಗ್ಗದ ಸಂಗತಿ ಬೇರೆ. ಪ್ರತಿಷ್ಠಾಪನೆ ಆದಮೇಲೆ ಈ ದೇವಾಲಯದ ಒಳಗೆ ಹೊರಗಿನವರಿಗಿರಲಿ, ಚರ್ಚಿನ ಅನುಮತಿ ಚೀಟಿ ಇಲ್ಲದ ಸದಸ್ಯರಿಗೂ ಪ್ರವೇಶವಿಲ್ಲ. ಭಾನುವಾರದ ಪ್ರಾರ್ಥನೆ ಬೇರೆ ಕಟ್ಟಡದಲ್ಲಿ. ಹಾಗಿದ್ದೂ ದಿನವಿಡೀ ಒಳಗೆ ಬರಲಾಗದ ಜನರಿಗೇ ವಿವರ ಹೇಳುತ್ತಾ ನಿಲ್ಲುವ ಅಜ್ಜಿಯನ್ನು ಕೇಳಿದೆ, ಬೇಜಾರಾಗಲ್ಲವೇ ಅಂತ. "ಅದಕ್ಕೇ ಅಲ್ಲವೇ ಓಪನ್ ಹೌಸ್ ಇರೋದು" ಅಂದರು. 2027ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಯಾರು ಬೇಕಾದರೂ ಒಳಗೆ ಹೋಗಿ ನೋಡಬಹುದು ಅಂತ ಚರ್ಚು ಘೋಷಿಸಿದೆ.

ಇನ್ನೊಂದು ವಿಷಯ. ನಾನು ಬೆಂಗಳೂರಿನವಳು ಅಂದ ತಕ್ಷಣ ಅಜ್ಜಿ "ಅಲ್ಲೂ ನಮ್ಮ ಟೆಂಪಲ್ ಬರ್ತಿದೆ!" ಅಂದರು. ನಾನು ನಂಬಲಿಲ್ಲ. ಹುಡುಕಿದರೆ ನಿಜವೇ. ಭಾರತಕ್ಕೆ ಇವರ ಮೊದಲ ದೇವಾಲಯ ಬೆಂಗಳೂರಿಗೆ ಅಂತ 2018ರ ಏಪ್ರಿಲ್‌ನಲ್ಲಿ ಚರ್ಚಿನ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ ಘೋಷಿಸಿದ್ದರು. 2020ರ ಡಿಸೆಂಬರ್‌ನಲ್ಲಿ ಭೂಮಿಪೂಜೆಯೂ ಆಗಿದೆ, ಕಸ್ತೂರಿನಗರದಲ್ಲಿ. ನನ್ನ ಚಿಕ್ಕಮ್ಮನ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. ಚಿಕ್ಕಮ್ಮನಿಗೆ ಫೋನ್ ಮಾಡಿದರೆ, "ಅದೇನೋ ದೊಡ್ಡದು ಕಟ್ಟುತ್ತಿದ್ದಾರೆ, ಮದುವೆ ಛತ್ರ ಅಂದುಕೊಂಡಿದ್ದೆ" ಅಂದರು.

ಐಡಾಹೋದವರ ಮಿಷನ್ ಮುಗಿಯೋದು ಆಲೂಗೆಡ್ಡೆ ಬಿತ್ತನೆಗೆ ಮುಂಚೆ, ಅಂದರೆ ಬಾಗಿಲು ತೆರೆಯೋಕೆ ಬಹಳ ಮೊದಲೇ. ಅವರ ಜಾಗಕ್ಕೆ ಇನ್ನೊಂದು ಜೋಡಿ ಬರುತ್ತದೆ. ಅಮ್ಮ ಮಾತ್ರ 2027ರ ಬೇಸಿಗೆಗೆ ಮತ್ತೆ ಬರುವ ಹಟ ಹಿಡಿದಿದ್ದಾರೆ. ಇಂಥ ಓಪನ್ ಹೌಸ್‌ಗಳಲ್ಲಿ ಬೂಟು ಬಿಚ್ಚಿಸಲ್ಲ, ಅದರ ಮೇಲೇ ಬಿಳಿ ಪ್ಲಾಸ್ಟಿಕ್ ಹೊದಿಕೆ ತೊಡಿಸಿ ಒಳಗೆ ಬಿಡುತ್ತಾರೆ ಅಂತ ಹೇಳಿದೆ. "ಅವರು ಏನಾದರೂ ಮಾಡಿಕೊಳ್ಳಲಿ, ನಾನು ಚಪ್ಪಲಿ ಹೊರಗೇ ಬಿಡೋದು" ಅಂದರು.