ನಮ್ಮ ಹೊಲದ ಮಳೆ ಲೆಕ್ಕ: ಮಿರಗದಿಂದ ಹಸ್ತದವರೆಗೆ

ಜೂನ್ 9

ಇವತ್ತು ಮನೆಯ ಹಿತ್ತಲಲ್ಲಿ ಮಳೆ ಮಾಪಕ ಇಟ್ಟೆ. ಮಿರಗ (ಮೃಗಶಿರ ಮಳೆ) ಕೂಡಿ ಎರಡು ದಿನ ಆಯಿತು, ಮಳೆ ಇನ್ನೂ ಬಂದಿಲ್ಲ. ಬರುವ ಮೊದಲೇ ಎಲ್ಲ ಸಿದ್ಧ ಇರಲಿ ಅಂತ ಆಸೆ.

ಇದು ಶುರುವಾದದ್ದು ಹೋದ ವರ್ಷದ ಹಿಂಗಾರಿಯಲ್ಲಿ. ವಿಜಯಪುರ ಜಿಲ್ಲೆಯ ಸಾರವಾಡದ ಕಡೆ, ಡೋಣಿ ಹೊಳೆಯ ಸಾಲಿನಲ್ಲಿ ನಮಗೆ ನಾಲ್ಕು ಎಕರೆ ಎರೆ ಹೊಲ ಇದೆ. 'ಡೋಣಿ ಹರಿದರೆ ಓಣಿಯೆಲ್ಲ ಜೋಳ' ಅಂತ ಗಾದೆ ಇರುವ ನೆಲ. ಜಿಲ್ಲೆಯಲ್ಲಿ ಮಳೆ ಎಂದು ಟಿವಿಯಲ್ಲಿ ಹೇಳಿದ್ದನ್ನು ನಂಬಿ ಬಿಳಿಜೋಳ ಬಿತ್ತಿದೆವು. ಮಳೆ ಬಂತು, ಆದರೆ ಹೊಳೆಯ ಆಚೆ ದಂಡೆಗೆ. ನಮ್ಮಲ್ಲಿ ಮೇಲಿನ ಎರಡು ಬೆರಳು ಮಣ್ಣು ನೆನೆದದ್ದು ಬಿಟ್ಟರೆ ಏನೂ ಇಲ್ಲ. ಅರ್ಧ ಬೀಜ ಹುಟ್ಟಿತು, ಅರ್ಧ ಮಣ್ಣಲ್ಲೇ ಹೋಯಿತು. ಕೊನೆಗೆ ಹರಗಿ ಕಡಲೆ ಹಾಕಿದೆವು.

ಅವತ್ತು ಮಾವನವರು ಬದುವಿನ ಮೇಲೆ ಕೂತು ಹೇಳಿದ ಮಾತು ನನಗೆ ಹತ್ತಿಕೊಂಡಿತು. "ಮುಗಲ ನೋಡಿ ಬಿತ್ತಬಾರ್ದವ್ವಾ, ನೆಲಾ ನೋಡಿ ಬಿತ್ತಬೇಕು." ನೆಲಕ್ಕೆ ಎಷ್ಟು ನೀರು ಬಂತು ಅನ್ನುವುದು ನಮ್ಮ ಹತ್ತಿರ ಬರೆದದ್ದು ಇರಬೇಕಲ್ವಾ? ಅದಕ್ಕೇ ಈ ಮಾಪಕ.

ಮಾಡಿದ್ದು ಹೀಗೆ. ಬಾಯಿ ಸರಿಯಾಗಿ 16 ಸೆಂ.ಮೀ. ಅಗಲ ಇರುವ ಲಾಳಿಕೆ ಬೇಕಿತ್ತು. ವಿಜಯಪುರದ ಬಜಾರಿನಲ್ಲಿ ಪಟ್ಟಿ ಹಿಡಿದು ಅಳೆದು ತಂದೆ. 16 ಯಾಕೆ ಅಂದರೆ, ಅಷ್ಟು ಅಗಲದ ಬಾಯಿಯ ವಿಸ್ತಾರ ಸುಮಾರು 200 ಚದರ ಸೆಂ.ಮೀ. ಅದರಲ್ಲಿ ಒಂದು ಮಿ.ಮೀ. ಮಳೆ ಬಿದ್ದರೆ 20 ಎಂ.ಎಲ್. ನೀರು ಸೇರುತ್ತದೆ. ದನದ ಡಾಕ್ಟರು ಬಿಟ್ಟುಹೋದ ಸೂಜಿ ಇಲ್ಲದ ಸಿರಿಂಜು ಮನೆಯಲ್ಲಿತ್ತು. ಅದೂ 20 ಎಂ.ಎಲ್.ನದ್ದೇ. ಅಂದರೆ ಒಂದು ಸಿರಿಂಜು ತುಂಬ ನೀರು ಒಂದು ಮಿ.ಮೀ. ಮಳೆ! ಲೆಕ್ಕ ಇಷ್ಟು ಸಲೀಸಾಗಿ ಕೂಡಿದಾಗ ನನಗೆ ತುಂಬಾ ಖುಷಿಯಾಯಿತು. ಜೋರು ಮಳೆಗೆ, ಬೆಳೆಗೆ ಎಣ್ಣೆ (ಔಷಧ) ಹೊಡೆಯುವಾಗ ಅಳೆಯುವ 100 ಎಂ.ಎಲ್. ಲೋಟದಂಥದ್ದೇ ಒಂದು ಹೊಸದು ತಂದಿದ್ದೇನೆ. ಅದು ತುಂಬಿದರೆ 5 ಮಿ.ಮೀ.

ಲಾಳಿಕೆಯ ಕೆಳಗೆ 5 ಲೀಟರಿನ ಕ್ಯಾನು. ಕ್ಯಾನನ್ನು ಅರ್ಧ ಹೂತು, ಲಾಳಿಕೆಯ ಅಂಚು ನೆಲದಿಂದ ಒಂದು ಅಡಿ ಮೇಲೆ ಇರುವಂತೆ ಇಟ್ಟೆ. ಕೆಳಗಿದ್ದರೆ ನೆಲಕ್ಕೆ ಬಿದ್ದ ಹನಿ ಸಿಡಿದು ಒಳಗೆ ಬೀಳುತ್ತದೆ. ದಿನಾ ಬೆಳಿಗ್ಗೆ 8:30ಕ್ಕೆ ಅಳೆಯುವುದು. ಹವಾಮಾನ ಇಲಾಖೆಯವರು ಅಳೆಯುವ ಹೊತ್ತೂ ಅದೇ. ಹೊತ್ತು ಒಂದೇ ಇದ್ದರೆ ನಾಳೆ ಅವರ ಲೆಕ್ಕದ ಜೊತೆ ನಮ್ಮದನ್ನು ಹೋಲಿಸಬಹುದು.

ಜೂನ್ 21

ಮಾಪಕ ಇಟ್ಟ ಜಾಗ ತಪ್ಪು. ನಿನ್ನೆ ರಾತ್ರಿಯ ಮಳೆಗೆ ನನಗೆ ಸಿಕ್ಕದ್ದು ಎರಡೂವರೆ ಸಿರಿಂಜು. ಪಕ್ಕದ ಮನೆಯವರ ಅಂಗಳದಲ್ಲಿ ಬಿಟ್ಟಿದ್ದ ಬುಟ್ಟಿಯಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ನೀರು ನಿಂತಿತ್ತು. ನೋಡಿದರೆ ಹಿತ್ತಲಿನ ಬೇವಿನ ಮರ ಪಡುವಣ ಗಾಳಿಗೆ ಅಡ್ಡ ಇದೆ. ಮಳೆ ಓರೆಯಾಗಿ ಬಂದಾಗ ಅರ್ಧ ನೀರನ್ನು ಮರವೇ ತಡೆಯುತ್ತದೆ. ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರ ಇಡಬೇಕು. ನಮ್ಮ ಬೇವು ಇಪ್ಪತ್ತು ಅಡಿ ಇದೆ, ಹಾಗಾಗಿ ನಲವತ್ತು ಅಡಿ. ಕಣದ ನಡುವೆ ಒಯ್ದು ಇಟ್ಟೆ. ದನ ಮುಟ್ಟದಂತೆ ಸುತ್ತ ಮುಳ್ಳು ಹಚ್ಚಿದ್ದಾಯಿತು. ಹಳೆಯ ಹನ್ನೆರಡು ದಿನದ ಲೆಕ್ಕದ ಮೇಲೆ ಗೆರೆ ಎಳೆದೆ. ತಪ್ಪು ಅಂಕಿ ಇಟ್ಟುಕೊಂಡು ಉಪಯೋಗ ಇಲ್ಲ.

ಜುಲೈ 6

18.5 ಮಿ.ಮೀ. ಮೂರು ಲೋಟ, ಮೂರೂವರೆ ಸಿರಿಂಜು.

ಅಳೆಯುವಾಗ ಮಾವನವರು ಬಂದು ಪಕ್ಕದಲ್ಲಿ ಕೂತರು. ಸಿರಿಂಜಿನ ಗೆರೆಗೆ ನೀರು ಬರುವುದನ್ನು ಕಣ್ಣು ಸಣ್ಣ ಮಾಡಿ ನೋಡಿದರು. "ಇಷ್ಟ ನೀರಿಗೆ ಎಕರೆಕ್ಕ ಎಷ್ಟ ಆತವಾ?" ಅಂದರು. ಒಂದು ಮಿ.ಮೀ. ಅಂದರೆ ಎಕರೆಗೆ ಹತ್ತಿರ ಹತ್ತಿರ 4,000 ಲೀಟರ್, ಒಂದು ಟ್ಯಾಂಕರ್ ನೀರು. ಹದಿನೆಂಟೂವರೆ ಟ್ಯಾಂಕರ್ ಆಯಿತು ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಲಕ್ಕ ಹೋಗಿ ನೋಡೂಣು ನಡಿ" ಅಂದರು.

ಹೋಗಿ ಸಲಿಕೆಯಿಂದ ಅಗೆದೆವು. ಬೇಸಿಗೆಯಲ್ಲಿ ಬಾಯಿ ಬಿಟ್ಟ ಎರೆ ನೆಲ ಇದು. ಮೊದಲ ಮಳೆ ನೇರ ಬಿರುಕಿಗೆ ಇಳಿಯುತ್ತದೆ. ಬಿರುಕಿನ ಬದಿಯಲ್ಲಿ ಒಂದು ಮೊಳದ ಕೆಳಗೂ ಹಸಿ ಇತ್ತು. ಬಿರುಕು ಇಲ್ಲದ ಕಡೆ ನಾಲ್ಕು ಬೆರಳು ಅಷ್ಟೇ, ಅದರ ಕೆಳಗೆ ಕಲ್ಲಿನಂಥ ಒಣ ಹೆಂಟೆ. ಒಂದೇ ಹೊಲ, ಒಂದೇ ಮಳೆ. ಇವತ್ತಿನಿಂದ ನೋಟುಬುಕ್ಕಿನಲ್ಲಿ ಮಳೆಯ ಪಕ್ಕ ಇನ್ನೊಂದು ಕಾಲಂ ಹಾಕಿದ್ದೇನೆ: ಹಸಿ ಎಷ್ಟು ಆಳ.

ಜುಲೈ 29

ಬರೆಯಲು ಜಾಸ್ತಿ ಇಲ್ಲ. ಗಾಳಿ, ಗಾಳಿ, ಗಾಳಿ. ಮೋಡ ಪಡುವಣದಿಂದ ಓಡಿ ಹೋಗುತ್ತವೆ, ಹನಿ ಬೀಳುವುದಿಲ್ಲ. ಸಹ್ಯಾದ್ರಿಯ ಆ ಕಡೆ ಸುರಿದು ಖಾಲಿಯಾದ ಮೇಲೆ ನಮ್ಮ ಕಡೆ ಬರುವ ಮೋಡ ಇವು. ಮಹಾರಾಷ್ಟ್ರದ ಘಟ್ಟದ ಮಳೆಗೆ ಕೃಷ್ಣಾ ತುಂಬಿ ಹರಿದು ಆಲಮಟ್ಟಿಗೆ ನೀರು ಬರುತ್ತದೆ, ಅದೇ ಜಿಲ್ಲೆಯಲ್ಲಿ ನಮ್ಮ ಅಂಗಳ ಒದ್ದೆಯಾಗುವುದಿಲ್ಲ. ನಮ್ಮ ನಿಜವಾದ ಮಳೆಗಾಲ ಸೆಪ್ಟೆಂಬರ್. ಸೊನ್ನೆಯನ್ನೂ ಬಿಡದೆ ಬರೆಯುತ್ತಿದ್ದೇನೆ. ಬರೆಯದ ದಿನಕ್ಕೂ ಮಳೆ ಇಲ್ಲದ ದಿನಕ್ಕೂ ವ್ಯತ್ಯಾಸ ಗೊತ್ತಾಗಬೇಕು.

ಆಗಸ್ಟ್ 18

ಎರಡನೇ ಮಾಪಕ ಹೊಲದಲ್ಲೇ ಇಟ್ಟೆ. ಮನೆಯಿಂದ ಹೊಲಕ್ಕೆ ಎರಡೂವರೆ ಕಿ.ಮೀ. ಮೊದಲ ಮಳೆಯಲ್ಲೇ ಕಣದಲ್ಲಿ 22, ಹೊಲದಲ್ಲಿ 6. ಹೋದ ವರ್ಷ ನಾವು ಮೋಸ ಹೋದದ್ದು ಎಲ್ಲಿ ಅಂತ ಆ ಎರಡು ಅಂಕಿ ನೋಡಿದಾಗ ತಿಳಿಯಿತು.

ಇದೇ ವಾರದಿಂದ ಮುನ್ಸೂಚನೆಯನ್ನೂ ಬರೆದಿಡುತ್ತಿದ್ದೇನೆ. ಮೇಘದೂತ್ ಆ್ಯಪ್‌ನಲ್ಲಿ ಐದು ದಿನದ್ದು ಬರುತ್ತದೆ: ಮಳೆ ಎಷ್ಟು ಮಿ.ಮೀ., ಬಿಸಿಲು, ಗಾಳಿ, ಮೋಡ. ಮಂಗಳವಾರ ಮತ್ತು ಶುಕ್ರವಾರ ಬೆಳೆ ಸಲಹೆಯೂ ಕನ್ನಡದಲ್ಲಿ ಸಿಗುತ್ತದೆ. ಮಗ ಏಳನೇ ಇಯತ್ತೆ, ಅವನು ಓದುತ್ತಾನೆ, ನಾನು ಬರೆಯುತ್ತೇನೆ.

ಇಷ್ಟು ವರ್ಷ ನಾನು ಮುನ್ಸೂಚನೆಯ ಪದಗಳನ್ನು ಸುಮ್ನೆ ಕೇಳಿ ಬಿಡುತ್ತಿದ್ದೆ. ಪ್ರತಿ ಪದಕ್ಕೂ ಒಂದು ಅಳತೆ ಇದೆ. 'ಒಂದೆರಡು ಕಡೆ ಮಳೆ' ಅಂದರೆ ಆ ಭಾಗದ ಮಳೆ ಕೇಂದ್ರಗಳಲ್ಲಿ ನೂರಕ್ಕೆ 25ರ ಒಳಗೆ ಮಾತ್ರ ಮಳೆ. 'ಕೆಲವು ಕಡೆ' ಅಂದರೆ 26ರಿಂದ 50. 'ಹಲವು ಕಡೆ' 51ರಿಂದ 75. ಅದಕ್ಕೂ ಮೇಲಿದ್ದರೆ 'ಹೆಚ್ಚಿನ ಕಡೆ'. ಅಂದರೆ 'ಒಂದೆರಡು ಕಡೆ' ಅಂದ ದಿನ ನಾಲ್ಕು ಕೇಂದ್ರಗಳಲ್ಲಿ ಮೂರು ಒಣಗಿಯೇ ಇರುತ್ತವೆ. ನಾವು ಆ ಮೂರರಲ್ಲಿ ಒಂದು ಅಂತಲೇ ತಿಳಿದು ಕೆಲಸ ಮಾಡಬೇಕು.

ಇನ್ನೊಂದು, 'ಹಗುರದಿಂದ ಸಾಧಾರಣ ಮಳೆ'. ಇಲಾಖೆಯ ಲೆಕ್ಕದಲ್ಲಿ ಹಗುರ ಅಂದರೆ 2.5 ಮಿ.ಮೀ.ನಿಂದ 15.5, ಸಾಧಾರಣ ಅಂದರೆ 64.4ರವರೆಗೆ. ಭಾರಿ ಮಳೆ ಶುರುವಾಗುವುದೇ 64.5ರಿಂದ. 3 ಮಿ.ಮೀ. ಬಿದ್ದರೂ ಆ ಮಾತು ಸರಿ, 60 ಬಿದ್ದರೂ ಸರಿ. ಆದರೆ ನಮ್ಮ ಹೊಲಕ್ಕೆ ಮೂರು ಅಂದರೆ ದೂಳು ಅಡಗುವಷ್ಟು, ಅರವತ್ತು ಅಂದರೆ ಒಡ್ಡು ಒಡೆಯುವಷ್ಟು. ಮುನ್ಸೂಚನೆ ಸುಳ್ಳು ಅಂತ ಊರಲ್ಲಿ ಬೈಯುವುದನ್ನು ದಿನಾ ಕೇಳುತ್ತೇನೆ. ನನಗೆ ಈಗ ಹಾಗೆ ಅನ್ನಿಸುವುದಿಲ್ಲ. ಅವರು ತಾಲೂಕಿನ ಮಾತು ಹೇಳುತ್ತಾರೆ, ಹೊಲದ ಮಾತು ನಾವೇ ಸೇರಿಸಿಕೊಳ್ಳಬೇಕು.

ಸೆಪ್ಟೆಂಬರ್ 12

ಹುಬ್ಬಿ ಮಳೆ ಚೆನ್ನಾಗಿ ಹಿಡಿದಿದೆ. ಈಗ ಗಾಳಿ ತಿರುಗಿದೆ. ಮಧ್ಯಾಹ್ನದವರೆಗೆ ಸುಡುವ ಬಿಸಿಲು, ನಾಲ್ಕರ ಹೊತ್ತಿಗೆ ಮೂಡಣದಲ್ಲಿ ಕಪ್ಪು ಮೋಡ ಏಳುತ್ತದೆ, ಸಂಜೆ ಗುಡುಗು ಮಿಂಚು. ಮೂರು ದಿನದಲ್ಲಿ ಹೊಲದ ಮಾಪಕಕ್ಕೆ 31, 0, 14.

ಕುರಿ ಕಾಯುವ ಹುಡುಗರ ಫೋನಿಗೆ ದಾಮಿನಿ ಆ್ಯಪ್ ಹಾಕಿಕೊಟ್ಟೆ. ಸುತ್ತ 20 ಮತ್ತು 40 ಕಿ.ಮೀ. ಒಳಗೆ ಸಿಡಿಲು ಇದ್ದರೆ ತಿಳಿಸುತ್ತದೆ. ಮರದ ಕೆಳಗೆ ನಿಲ್ಲಬೇಡಿ ಅಂತ ಕೈ ಹಿಡಿದು ಹೇಳಿದೆ. ನಮ್ಮ ಬಯಲಿನಲ್ಲಿ ಒಂಟಿ ಮರವೇ ಎಲ್ಲಕ್ಕಿಂತ ಎತ್ತರ.

ನೋಟುಬುಕ್ಕಿನಿಂದ ಒಂದು ವಿಷಯ ಕಾಣುತ್ತಿದೆ. ನಾಳೆ, ನಾಡಿದ್ದಿನ ಮಾತು ಬಹಳಷ್ಟು ಸಲ ಕೂಡಿ ಬರುತ್ತದೆ. ನಾಲ್ಕನೇ, ಐದನೇ ದಿನದ್ದು ಆಮೇಲೆ ಬದಲಾಗುತ್ತದೆ. ಆದರೆ 'ಮಳೆ ಇಲ್ಲ' ಅಂದದ್ದು ಐದನೇ ದಿನಕ್ಕೂ ಹೆಚ್ಚು ಕಡಿಮೆ ನಿಂತಿದೆ. ನನಗೆ ಇದೇ ಜಾಸ್ತಿ ಉಪಯೋಗಕ್ಕೆ ಬಂದದ್ದು.

ಸೆಪ್ಟೆಂಬರ್ 27

ನಿನ್ನೆ ಬೆಳಿಗ್ಗೆಯ ಅಳತೆ 27 ಮಿ.ಮೀ. ಉತ್ತರೆ ಮುಗಿದು ಹಸ್ತ ಕೂಡಿತು. ಹೊಲದಲ್ಲಿ ಮೂರು ಕಡೆ ಅಗೆದೆವು. ಮೂರೂ ಕಡೆ ಒಂದೂವರೆ ಮೊಳ ಹಸಿ, ನಡುವೆ ಒಣ ಪದರ ಇಲ್ಲ. ಬಿರುಕೆಲ್ಲ ಮುಚ್ಚಿವೆ. ಮಾವನವರು ಒಂದು ಗೇಣು ಕೆಳಗಿನ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಸುಕಿದರು. ಉಂಡೆಯಾಯಿತು. ಸೊಂಟದ ಎತ್ತರದಿಂದ ಬಿಟ್ಟರು. ನಾಲ್ಕು ಹೋಳಾಗಿ ಒಡೆಯಿತು. ಅಂಟಲಿಲ್ಲ, ಪುಡಿಯಾಗಲೂ ಇಲ್ಲ. "ಹದಾ ಬಂದೈತಿ. ನಿನ್ನ ಬುಕ್ಕಿನ್ಯಾಗ ಏನೈತಿ?" ಅಂದರು.

ನನ್ನ ಬುಕ್ಕು ಕೇಳಿದ್ದು ಇದೇ ಮೊದಲು. ಹೇಳಿದೆ: ಸೆಪ್ಟೆಂಬರಿನಲ್ಲಿ ಇಲ್ಲಿವರೆಗೆ ಹೊಲಕ್ಕೆ ಬಿದ್ದದ್ದು 148 ಮಿ.ಮೀ. ಶುಕ್ರವಾರದ ಮುನ್ಸೂಚನೆಯಲ್ಲಿ ಮುಂದಿನ ಐದು ದಿನ ಮಳೆ ಇಲ್ಲ.

ಬಿತ್ತಿದ ಮರುದಿನ ಜೋರು ಮಳೆ ಬಿದ್ದರೆ ಎರೆ ನೆಲ ಮೇಲೆ ಬಿಗಿಯುತ್ತದೆ, ಮೊಳಕೆ ಒಡೆದು ಬರಲಾಗುವುದಿಲ್ಲ. ಹಾಗಾಗಿ ಕೆಳಗೆ ಹಸಿ, ಮೇಲೆ ನಾಲ್ಕೈದು ದಿನ ಬಿಸಿಲು, ಎರಡೂ ಒಟ್ಟಿಗೆ ಬೇಕು. ಎರಡೂ ಸಿಕ್ಕಿವೆ.

ಕೂರಿಗೆ ಹೂಡಿದೆವು. ಮಾಲದಂಡಿ ಜೋಳದ ಬೀಜ, ಎಕರೆಗೆ 3 ಕೆ.ಜಿ. ಮೂರು ಎಕರೆಗೆ ಜೋಳ, ಒಂದು ಎಕರೆ ಕಡಲೆಗೆ ಬಿಟ್ಟೆವು.

ಅಕ್ಟೋಬರ್ 5

ಸಾಲು ಕಾಣುತ್ತಿವೆ. ಬೆಳಿಗ್ಗೆ ಏಳಕ್ಕೆ, ಬಿಸಿಲು ಓರೆಯಾಗಿ ಬಿದ್ದಾಗ, ಕಪ್ಪು ಮಣ್ಣಿನ ಮೇಲೆ ಹಸಿರು ದಾರ ಎಳೆದ ಹಾಗೆ. ಕೂತು ಒಂದು ಮಾರು ಸಾಲು ಎಣಿಸಿದೆ. ಖಾಲಿ ಜಾಗ ಎಲ್ಲೋ ಒಂದೆರಡು. ಮಳೆ ಬಂದದ್ದು ಮೂರನೇ ತಾರೀಖಿಗೆ, ಹೊಲದಲ್ಲಿ 4 ಮಿ.ಮೀ. ಅಷ್ಟರಲ್ಲಿ ಮೊಳಕೆ ಮೇಲೆ ಬಂದಾಗಿತ್ತು.

ಅಕ್ಟೋಬರ್ 11

ತಿಕೋಟಾದಿಂದ ಅಣ್ಣ ಫೋನ್ ಮಾಡಿದ್ದ. ಅವನದು ಮೂರು ಎಕರೆ ದ್ರಾಕ್ಷಿ. ಚಾಟ್ನಿ ಮಾಡಿ (ಬಳ್ಳಿ ಸವರಿ) ಹದಿನೈದು ದಿನ ಆಗಿದೆ, ಎಳೆ ಚಿಗುರು. ಮೂರನೇ ತಾರೀಖಿಗೆ ನಿಮ್ಮಲ್ಲಿ ಎಷ್ಟು ಬಿತ್ತು ಅಂತ ಕೇಳಿದ. ನಾಲ್ಕೇ ಅಂದೆ. "ನಿನಗ ನಾಲ್ಕ ಅಂದ್ರ ಏನೂ ಅಲ್ಲವಾ. ನನಗ ರಾತ್ರಿ ಎಲಿ ಹಸಿ ಇದ್ರ ಸಾಕು, ದಾವಣಿ ಬರ್ತೈತಿ" ಅಂದ. ದಾವಣಿ ಅಂದರೆ ದ್ರಾಕ್ಷಿಗೆ ಬರುವ ಬೂಜು ರೋಗ. ಅವನ ಕಡೆ ಎಷ್ಟು ಬಿದ್ದಿದೆ ಅಂತ ಅವನಿಗೇ ಗೊತ್ತಿಲ್ಲ. ಪ್ರತಿ ಮೋಡಕ್ಕೂ ಹೆದರಿ ಔಷಧ ಹೊಡೆಯುತ್ತಿದ್ದಾನೆ, ಖರ್ಚು ಏರುತ್ತಿದೆ.

ನಾನು ಇಲ್ಲಿವರೆಗೆ ಹಸಿಯನ್ನು ಮಣ್ಣಿನಲ್ಲಿ ಮಾತ್ರ ಹುಡುಕಿದ್ದೆ. ಅವನಿಗೆ ಬೇಕಾದದ್ದು ಎಲೆಯ ಮೇಲಿನ ಹಸಿ ಎಷ್ಟು ತಾಸು ನಿಂತಿತು ಅನ್ನುವ ಲೆಕ್ಕ. ಅದಕ್ಕೆ ಇನ್ನೊಂದು ಕಾಲಂ ಬೇಕು. ಬೆಳಿಗ್ಗೆ ಇಬ್ಬನಿ ಇತ್ತೇ, ಎಲೆ ಎಷ್ಟು ಹೊತ್ತಿಗೆ ಒಣಗಿತು.

ಮಗನನ್ನು ಕಳಿಸಿ ಇನ್ನೊಂದು 16 ಸೆಂ.ಮೀ. ಲಾಳಿಕೆ ತರಿಸಿದೆ. ಕ್ಯಾನು ತೊಳೆದು ಒಣಗಲು ಇಟ್ಟಿದ್ದೇನೆ. ಭಾನುವಾರ ತಿಕೋಟಾಕ್ಕೆ ಹೋಗಿ, ದ್ರಾಕ್ಷಿ ತೋಟದ ಹೊರಗೆ ಬಯಲು ಜಾಗ ನೋಡಿ ನಿಲ್ಲಿಸಿ ಬರುತ್ತೇನೆ.